ದೊರೆ ಕಾಲದ ಕುದುರೆ ಲಾಯ: ಮಳೆ ತಾಗದ ಗೋಡೆಗೂ ಒದ್ದೆ ಎಲ್ಲಿಂದ?

ಓದುಗರ ಪ್ರಶ್ನೆ: "ನಮ್ಮದು ಮೂಡಿಗೆರೆ ಕಡೆ ಕಾಫಿ ತೋಟ. ಅಜ್ಜ 1950ರ ದಶಕದಲ್ಲಿ ಒಬ್ಬ ಇಂಗ್ಲಿಷ್ ದೊರೆಯಿಂದ ಕೊಂಡಿದ್ದು. ಬಂಗಲೆಯಿಂದ ಸ್ವಲ್ಪ ಕೆಳಗೆ ಹಂಚಿನ ಒಂದು ಉದ್ದನೆ ಕಟ್ಟಡ ಇದೆ, ಸುಮಾರು 60 ಅಡಿ ಉದ್ದ, 18 ಅಡಿ ಅಗಲ. ಊರೆಲ್ಲ ಕುದುರೆ ಲಾಯ ಅಂತಲೇ ಕರೆಯುತ್ತೆ. ನಾನು ಕಂಡ ಮೇಲೆ ಅಲ್ಲಿ ಕುದುರೆ ಇರಲಿಲ್ಲ, ಗೊಬ್ಬರದ ಮೂಟೆ, ಮೈಲುತುತ್ತು, ಔಷಧಿ ಡಬ್ಬ ಇಡ್ತಿದ್ದೆವು. ಗೋಡೆ ನಾಲ್ಕಡಿವರೆಗೆ ಒದ್ದೆ ಹಿಡಿತಿತ್ತು ಅಂತ ಅಪ್ಪ 1998ರಲ್ಲಿ ಸಿಮೆಂಟ್ ಗಾರೆ ಮಾಡಿಸಿದ್ರು. ಐದಾರು ವರ್ಷ ಚೆನ್ನಾಗಿತ್ತು. ಈಗ ಗಾರೆ ಉಬ್ಬಿ ಉದುರುತ್ತಿದೆ, ಒದ್ದೆ ಆರಡಿಗೆ ಏರಿದೆ. ವಿಚಿತ್ರ ಅಂದ್ರೆ ಒಳಗಿನ ಅಡ್ಡಗೋಡೆಗಳೂ ಒದ್ದೆ, ಅವಕ್ಕೆ ಮಳೆಯೇ ತಾಗಲ್ಲ. ಮಗ ಹೋಂಸ್ಟೇಗೆ ನಾಲ್ಕು ರೂಮು ತೆಗೆಯೋಣ ಅಂತಾನೆ. ಕಂಟ್ರಾಕ್ಟರ್ ಗೋಡೆ ಬುಡಕ್ಕೆ ಕೆಮಿಕಲ್ ಇಂಜೆಕ್ಷನ್, ಮೇಲೆ ವಾಟರ್‌ಪ್ರೂಫ್ ಸಿಮೆಂಟ್, ಹಂಚು ಇಳಿಸಿ ಆರ್‌ಸಿಸಿ ಅಂತ ಎಸ್ಟಿಮೇಟ್ ಕೊಟ್ಟಿದ್ದಾನೆ. ಭಾವ ಅದು ಲಾಯವೇ ಅಲ್ಲ, ಹಳೇ ಗೋಡಾನು, ಕೆಡವಿ ಅಂತಾರೆ. ಹಂಚಿನ ಮೇಲೆ 1865 ಅಂತ ಅಚ್ಚಿದೆ, ಅಷ್ಟು ಹಳೇದಾದ್ರೆ ಸರ್ಕಾರದವರು ಬಂದು ಕೂರ್ತಾರಾ ಅನ್ನೋ ಭಯ ಬೇರೆ. ಗುಜರಿಯವನು ಗೋಡೆಯಲ್ಲಿರೋ ಕಬ್ಬಿಣದ ಬಳೆಗಳನ್ನ ಕೇಳ್ತಿದ್ದಾನೆ. ಏನು ಮಾಡೋದು?"

ನಿಮ್ಮ ಪತ್ರದಲ್ಲಿ ನಾಲ್ಕೈದು ಪ್ರಶ್ನೆಗಳಿವೆ. ನಿದ್ದೆ ಕೆಡಿಸಿರುವುದು ಮಾತ್ರ ಒಂದೇ ಅನಿಸುತ್ತದೆ: ಇಷ್ಟು ದುಡ್ಡು ಸುರಿದ ಮೇಲೂ ಗೋಡೆ ಮತ್ತೆ ಒದ್ದೆಯಾದರೆ? ಎಸ್ಟಿಮೇಟಿನಲ್ಲಿ ಇರುವಂತೆಯೇ ಕೆಲಸ ಮಾಡಿಸಿದರೆ ಮತ್ತೆ ಒದ್ದೆಯಾಗುತ್ತದೆ. ಅಪ್ಪನ ಸಿಮೆಂಟು ಐದಾರು ವರ್ಷ ಬಂತು. ಇದೂ ಅಷ್ಟೇ ಬರಬಹುದು, ಆಮೇಲೆ ಒದ್ದೆ ಆರಡಿಯಿಂದ ಎಂಟಡಿಗೆ ಹೋಗಬಹುದು. ಯಾಕೆಂದು ಹೇಳಬೇಕಾದರೆ, ನೀವು 'ವಿಚಿತ್ರ' ಎಂದು ಬರೆದ ಆ ಸಾಲಿನಿಂದಲೇ ಶುರು ಮಾಡಬೇಕು.

ಮಳೆ ತಾಗದ ಅಡ್ಡಗೋಡೆ ಒದ್ದೆಯಾಗುವುದು ಹೇಗೆ? ನೆಲದಿಂದ ನೀರು ಏರಿದರೆ ಆಗಬಹುದು, ಕಂಟ್ರಾಕ್ಟರ್ ಹೇಳುತ್ತಿರುವುದೂ ಅದನ್ನೇ. ಆದರೆ ನೆಲದ ನೀರು ಏರಿದ ಗೋಡೆಗೆ ಒಂದು ನಡವಳಿಕೆ ಇರುತ್ತದೆ. ಬುಡದಲ್ಲಿ ಹೆಚ್ಚು ಒದ್ದೆ, ಮೇಲೆ ಹೋದಂತೆ ಕಡಿಮೆ, ಗೋಡೆಯುದ್ದಕ್ಕೂ ಹೆಚ್ಚುಕಡಿಮೆ ಒಂದೇ ಎತ್ತರದ ಗೆರೆ. ಮಳೆ ಹಿಡಿದು ನೆಲ ನೆನೆದ ಮೇಲೆ ಆಗಸ್ಟ್ ಹೊತ್ತಿಗೆ ಜೋರಾಗುತ್ತದೆ, ನೆಲ ಒಣಗುವವರೆಗೆ ಡಿಸೆಂಬರಿನಲ್ಲೂ ಇರುತ್ತದೆ. ನೀವು ಕಳಿಸಿದ ಫೋಟೋಗಳಲ್ಲಿ ಒದ್ದೆ ತೇಪೆ ತೇಪೆಯಾಗಿದೆ. ಒಂದು ಕಡೆ ಬುಡ ಒಣಗಿದೆ, ಅದರ ಮೇಲೆ ಎರಡಡಿಯಲ್ಲಿ ನಕಾಶೆ ಬರೆದ ಹಾಗೆ ಕಪ್ಪು ಮಚ್ಚೆ. ಮುಂಗಾರಿನ ಮೊದಲ ಮೋಡ ಕಟ್ಟಿದ ವಾರದಲ್ಲೇ, ನೆಲಕ್ಕೆ ನಾಲ್ಕಿಂಚು ಮಳೆ ಬೀಳುವ ಮೊದಲೇ ಗೋಡೆ ಬೆವರಲು ಶುರುವಾಗುತ್ತದೆಯೇ? ಜನವರಿಯಲ್ಲಿ ಅದೇ ಜಾಗದಲ್ಲಿ ಬಿಳಿ ಹಿಟ್ಟು ಅರಳುತ್ತದೆಯೇ? ಎರಡಕ್ಕೂ ಹೌದು ಎಂದಾದರೆ ನಿಮ್ಮ ಗೋಡೆ ನೀರು ಕುಡಿಯುತ್ತಿರುವುದು ನೆಲದಿಂದಲ್ಲ, ಗಾಳಿಯಿಂದ.

ಅಡುಗೆಮನೆಯ ಉಪ್ಪಿನ ಮರಿಗೆಯನ್ನು ನೆನಪಿಸಿಕೊಳ್ಳಿ. ಅದಕ್ಕೆ ಯಾರೂ ನೀರು ಹಾಕುವುದಿಲ್ಲ. ಆದರೂ ಆರಿದ್ರಾ ಮಳೆ ಹಿಡಿದರೆ ಹರಳುಪ್ಪು ನೀರು ಬಿಟ್ಟುಕೊಂಡು ಮರಿಗೆಯ ತಳ ಜಿನುಗುತ್ತದೆ. ಗಾಳಿಯ ತೇವಾಂಶ ನೂರಕ್ಕೆ 75 ದಾಟಿದ ಕೂಡಲೇ ಅಡುಗೆ ಉಪ್ಪು ಗಾಳಿಯಿಂದ ನೀರು ಎಳೆದುಕೊಂಡು ಕರಗತೊಡಗುತ್ತದೆ. ನಿಮ್ಮ ಗೋಡೆಯೊಳಗೆ ಇರುವುದು ಇದಕ್ಕಿಂತ ಬಾಯಾರಿದ ಉಪ್ಪು. ಕ್ಯಾಲ್ಸಿಯಂ ನೈಟ್ರೇಟ್‌ಗೆ ತೇವಾಂಶ 50ರ ಆಸುಪಾಸು ಇದ್ದರೆ ಸಾಕು. ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ತೇವಾಂಶ 80ಕ್ಕಿಂತ ಕೆಳಗೆ ಇಳಿಯುವುದೇ ಅಪರೂಪ. ಅಷ್ಟು ತಿಂಗಳೂ ಗೋಡೆ ಒಣಗುವ ಮಾತೇ ಇಲ್ಲ.

ಈ ನೈಟ್ರೇಟ್ ಬಂದದ್ದೆಲ್ಲಿಂದ? ಕುದುರೆಗಳಿಂದ. ಒಂದು ಕುದುರೆ ದಿನಕ್ಕೆ 5ರಿಂದ 10 ಲೀಟರ್ ಮೂತ್ರ ಹೊಯ್ಯುತ್ತದೆ. ಆರು ಕುದುರೆ, ನಲವತ್ತು ವರ್ಷ, ದಿನಕ್ಕೆ ಬರೀ ಐದೇ ಲೀಟರ್ ಎಂದುಕೊಂಡರೂ ನಾಲ್ಕು ಲಕ್ಷ ಲೀಟರ್ ದಾಟುತ್ತದೆ. ಹೆಚ್ಚಿನದು ಕಾಲುವೆಯಲ್ಲಿ ಹರಿದು ಹೋಗಿರುತ್ತದೆ, ಸರಿ. ನೆಲಗಲ್ಲಿನ ಸಂದಿಯಲ್ಲಿ ಇಳಿದದ್ದು, ಅಡ್ಡಗೋಡೆಗೆ ಸಿಡಿದದ್ದು ಹೋಗಿಲ್ಲ. ಮಣ್ಣಿನ ಸೂಕ್ಷ್ಮಜೀವಿಗಳು ಮೂತ್ರದ ಯೂರಿಯಾವನ್ನು ಅಮೋನಿಯಾ ಮಾಡುತ್ತವೆ, ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಅದು ಗಾರೆಯ ಸುಣ್ಣದ ಜೊತೆ ಸೇರಿ ಕೂತುಬಿಡುತ್ತದೆ. ನಮ್ಮ ಹಿರಿಯರಿಗೆ ಇದು ಹೊಸ ಸಂಗತಿಯಲ್ಲ. ಪೆಟ್ಲುಪ್ಪು ಎಂಬ ಮಾತು ಕೇಳಿರುತ್ತೀರಿ, ಕೋವಿಯ ಮದ್ದಿನಪುಡಿಗೆ ಹಾಕುವ ಉಪ್ಪು. ಕಾರ್ಖಾನೆಗಳು ಬರುವ ಮೊದಲು ಅದನ್ನು ತೆಗೆಯುತ್ತಿದ್ದದ್ದು ದನದ ಕೊಟ್ಟಿಗೆ, ಕುದುರೆ ಲಾಯಗಳ ಸುತ್ತಲ ಮಣ್ಣನ್ನು ಕೆರೆದು, ನೀರಿನಲ್ಲಿ ಬಸಿದು, ಕುದಿಸಿ. ಹಾಗೆ ಕೆರೆಯಲು ಯಾರೂ ಬಾರದ ಒಂದು ಪೆಟ್ಲುಪ್ಪಿನ ಗಣಿ ನಿಮ್ಮ ತೋಟದಲ್ಲಿದೆ.

ಕುದುರೆ ಹೋದ ಮೇಲೆ ನೀವು ಅದಕ್ಕೆ ಇನ್ನಷ್ಟು ಉಪ್ಪು ತಿನ್ನಿಸಿದ್ದೀರಿ. ಬೇಸರ ಮಾಡಿಕೊಳ್ಳಬೇಡಿ, ಮಲೆನಾಡಿನ ಎಷ್ಟೋ ಎಸ್ಟೇಟುಗಳಲ್ಲಿ ಲಾಯ ಗೊಬ್ಬರದ ಗೋಡಾನೇ ಆಗಿದೆ. ಯೂರಿಯಾ, ಪೊಟ್ಯಾಷ್, ಅಮೋನಿಯಂ ಸಲ್ಫೇಟ್ ಎಲ್ಲವೂ ಮೂಟೆಯಿಂದ ಸೋರಿ ಗೋಡೆ ಹಿಡಿಯುವಂಥವೇ. ಗಿಡಕ್ಕೆ ಹೊಡೆಯುವ ಬೋರ್ಡೋ ದ್ರಾವಣಕ್ಕೆಂದು ತಂದಿಟ್ಟ ಮೈಲುತುತ್ತು, ಅಂದರೆ ತಾಮ್ರದ ಸಲ್ಫೇಟ್, ಸೋರಿದ ಕಡೆ ಹಸಿರು ನೀಲಿ ಕಲೆ ಇರುತ್ತದೆ. ಪಡುವಣ ಗೋಡೆಯ ಫೋಟೋದಲ್ಲಿ ಅದು ಚೆನ್ನಾಗಿ ಕಾಣುತ್ತಿದೆ, ಮೂಟೆ ಒರಗಿಸುತ್ತಿದ್ದದ್ದು ಅಲ್ಲೇ ಇರಬೇಕು. ಹಾಗಾಗಿ ನನ್ನ ಲೆಕ್ಕದಲ್ಲಿ ಅಡ್ಡಗೋಡೆಗಳ ಒದ್ದೆ ಕುದುರೆಯದು, ಪಡುವಣ ಗೋಡೆಯದು ಗೊಬ್ಬರದ್ದು, ಅದರ ಜೊತೆಗೆ ಸ್ವಲ್ಪ ಮಳೆಯದೂ.

ನಾನು ಹೇಳಿದ್ದನ್ನು ಹಾಗೇ ನಂಬಬೇಕಾಗಿಲ್ಲ, ಮನೆಯಲ್ಲೇ ಪರೀಕ್ಷೆ ಮಾಡಿ. ಅಡ್ಡಗೋಡೆಯ ಒದ್ದೆ ಜಾಗದಿಂದ ನಿಂಬೆಗಾತ್ರದ ಗಾರೆ ತುಂಡು ತೆಗೆಯಿರಿ. ಹೋಲಿಸಲು ಮೇಲೆ ಎಂಟಡಿಯ ಒಣ ಜಾಗದಿಂದ ಇನ್ನೊಂದು. ಎರಡನ್ನೂ ಒಲೆಯ ಪಕ್ಕ ಎರಡು ದಿನ ಚೆನ್ನಾಗಿ ಒಣಗಿಸಿ, ಒಂದೊಂದು ಗ್ರಾಂ ತೋರಿಸುವ ತಕ್ಕಡಿಯಲ್ಲಿ ತೂಗಿ ಬರೆದಿಡಿ. ಆಮೇಲೆ ಮಳೆ ನೀರು ತಾಗದ ಜಗಲಿಯಲ್ಲಿ ಒಂದು ವಾರ ತಟ್ಟೆಯಲ್ಲಿಟ್ಟು ಮತ್ತೆ ತೂಗಿ. ಒಣ ಜಾಗದ ತುಂಡಿನ ತೂಕ ಹೆಚ್ಚೇನೂ ಬದಲಾಗುವುದಿಲ್ಲ. ಉಪ್ಪು ತಿಂದ ತುಂಡು ಎದ್ದು ಕಾಣುವಷ್ಟು ಭಾರವಾಗುತ್ತದೆ, ಕೆಲವೊಮ್ಮೆ ತಟ್ಟೆಯಲ್ಲಿ ಹನಿಯೇ ನಿಲ್ಲುತ್ತದೆ. ಮೀನಿನ ತೊಟ್ಟಿಯ ನೀರು ನೋಡಲು ಮಾರುವ ನೈಟ್ರೇಟ್ ಪಟ್ಟಿ ಸಿಕ್ಕರೆ, ಒಂದು ಚಮಚ ಗಾರೆ ಪುಡಿಯನ್ನು ಶುದ್ಧ ನೀರಿನಲ್ಲಿ ಕದಡಿ ಅದ್ದಿ ನೋಡಿ. ಹಳೆಯ ಮೇಸ್ತ್ರಿಗಳು ನಾಲಿಗೆಗೆ ಇಟ್ಟು ಹೇಳುತ್ತಿದ್ದರು, ಪೆಟ್ಲುಪ್ಪು ತಣ್ಣಗೆ ತಾಗುತ್ತದೆ. ನೀವು ದಯವಿಟ್ಟು ಹಾಗೆ ಮಾಡಬೇಡಿ. ಅಲ್ಲಿ ಔಷಧಿ ಡಬ್ಬ ಇಟ್ಟಿದ್ದಿರಿ.

ಆ ಔಷಧಿಯ ವಿಚಾರ ಕಂಟ್ರಾಕ್ಟರ್ ಎತ್ತಿಲ್ಲ, ನಾನು ಎತ್ತಲೇಬೇಕು. ಕಾಂಡಕೊರಕಕ್ಕೆಂದು ಕಾಫಿ ತೋಟಗಳಲ್ಲಿ ಬಿಎಚ್‌ಸಿ, ಲಿಂಡೇನ್ ಎಂಬ ಕೀಟನಾಶಕಗಳನ್ನು ಬಳಸಿದ ಕಾಲವಿತ್ತು. ಬಿಎಚ್‌ಸಿ 1997ರಲ್ಲಿ ನಿಷೇಧವಾಯಿತು, ಎಂಡೋಸಲ್ಫಾನ್ 2011ರಲ್ಲಿ. ಡಬ್ಬಗಳು ಹೋದರೂ ಚೆಲ್ಲಿದ ಪುಡಿ ಮಣ್ಣಿನಲ್ಲಿ ಬಹುಕಾಲ ಉಳಿಯುತ್ತದೆ. ಜನ ಮಲಗುವ, ಊಟ ಮಾಡುವ ಜಾಗ ಮಾಡುವುದಾದರೆ ನೆಲದ ಮಣ್ಣು, ಗೋಡೆ ಬುಡದ ಗಾರೆ ಎರಡನ್ನೂ ಕೀಟನಾಶಕದ ಉಳಿಕೆಗೆ ಪ್ರಯೋಗಾಲಯದಲ್ಲಿ ನೋಡಿಸಿ. ವರದಿ ಬರುವವರೆಗೆ ಒಳಗೆ ಗುಡಿಸುವ, ಕೆರೆಯುವ ಆಳುಗಳಿಗೆ ಒಳ್ಳೆಯ ಮಾಸ್ಕ್ ಕೊಡಿ, ಬಾಯಿಗೆ ಟವೆಲ್ ಕಟ್ಟಿಕೊಂಡರೆ ಸಾಲದು.

ಇನ್ನು ಕಂಟ್ರಾಕ್ಟರ್ ಹೇಳಿದ್ದಕ್ಕೆ ಬರೋಣ. ಕೆಮಿಕಲ್ ಇಂಜೆಕ್ಷನ್ ನೆಲದಿಂದ ಏರುವ ನೀರಿಗೆ ಗೋಡೆ ಬುಡದಲ್ಲಿ ಒಂದು ತಡೆ ಕಟ್ಟುತ್ತದೆ. ಒಂದೇ ಸಮ ಇಟ್ಟಿಗೆಯ ಒಂಬತ್ತಿಂಚು ಗೋಡೆಯಲ್ಲಿ ಅದು ಕೆಲಸ ಮಾಡಬಹುದು. ನಿಮ್ಮದು ಎರಡಡಿ ದಪ್ಪದ ಕಲ್ಲಿನ ಗೋಡೆ. ಒಳಗೂ ಹೊರಗೂ ಮುಖಗಲ್ಲು, ನಡುವೆ ಚೂರುಕಲ್ಲು, ಮಣ್ಣು, ಖಾಲಿ ಸಂದಿ. ಚುಚ್ಚಿದ ಮದ್ದು ಆ ಸಂದಿಗಳಲ್ಲಿ ಸೋರಿ ಎಲ್ಲಿಗೋ ಹೋಗುತ್ತದೆ. ಅದು ಪೂರ್ತಿ ಕೂತಿತು ಎಂದೇ ಇಟ್ಟುಕೊಳ್ಳಿ, ಗೋಡೆಯ ನಾಲ್ಕನೇ ಅಡಿಯಲ್ಲಿರುವ ಉಪ್ಪು ಗಾಳಿಯಿಂದ ನೀರು ಎಳೆಯುವುದನ್ನು ಬುಡದ ತಡೆ ಹೇಗೆ ನಿಲ್ಲಿಸೀತು?

ಸಿಮೆಂಟಿನದು ಇನ್ನೊಂದು ಕಥೆ. ಸುಣ್ಣದ ಗಾರೆಯ ಮೂಲಕ ಗೋಡೆಯ ತೇವ ಹೊರಗೆ ಬಂದು ಆರುತ್ತದೆ. ಉಪ್ಪೂ ಮೇಲ್ಮೈಗೆ ಬಂದು ಹಿಟ್ಟಾಗಿ ಉದುರುತ್ತದೆ, ಗುಡಿಸಿದರೆ ಮುಗಿಯಿತು. ಸಿಮೆಂಟ್ ಬಳಿದಾಗ ತೇವಕ್ಕೆ ಆ ದಾರಿ ಮುಚ್ಚಿತು, ಸಿಮೆಂಟಿಲ್ಲದ ಎತ್ತರ ಸಿಗುವವರೆಗೆ ಅದು ಒಳಗೊಳಗೇ ಏರಿತು. ನಾಲ್ಕಡಿ ಆರಡಿಯಾದದ್ದು ಹೀಗೆ. ಉಪ್ಪು ಸಿಮೆಂಟಿನ ಬೆನ್ನ ಹಿಂದೆ ಹರಳುಗಟ್ಟಿ ಒದ್ದು ಒದ್ದು ಅದನ್ನು ಉಬ್ಬಿಸಿತು. ಮೇಲಾಗಿ ಗೊಬ್ಬರದ ಮತ್ತು ಮೈಲುತುತ್ತಿನ ಸಲ್ಫೇಟು ಸಿಮೆಂಟಿನ ಜೊತೆಗೇ ಕೂಡಿ ಹಿಗ್ಗುತ್ತದೆ. ವಾಟರ್‌ಪ್ರೂಫ್ ಸಿಮೆಂಟ್ ಎಂದರೆ ಇದೇ ತಪ್ಪು, ಇನ್ನೂ ಗಟ್ಟಿಯಾಗಿ. ನಿಮ್ಮ ತಂದೆಯವರನ್ನು ದೂರುವಂತಿಲ್ಲ, 1998ರಲ್ಲಿ ಯಾವ ಇಂಜಿನಿಯರನ್ನು ಕೇಳಿದ್ದರೂ ಅದನ್ನೇ ಹೇಳುತ್ತಿದ್ದರು.

ಆರ್‌ಸಿಸಿಯ ತೂಕ ನೀವೇ ಲೆಕ್ಕ ಹಾಕಿ. ನಿಮ್ಮ ಕಟ್ಟಡದ ನೆಲ ಸುಮಾರು 100 ಚದರ ಮೀಟರ್. ಮಂಗಳೂರು ಹಂಚು ಒಂದೊಂದು ಎರಡೂವರೆಯಿಂದ ಮೂರು ಕಿಲೋ, ಚದರ ಮೀಟರಿಗೆ ಹದಿನೈದೋ ಹದಿನಾರೋ ಬೇಕು. ಇಳಿಜಾರಿನ ಲೆಕ್ಕ ಸೇರಿಸಿದರೂ ಹಂಚಿನ ಮಾಡು ಐದಾರು ಟನ್, ಮರದ್ದು ಬೇರೆ. ನಾಲ್ಕಿಂಚು ಸ್ಲ್ಯಾಬ್ ಅದೇ ಜಾಗಕ್ಕೆ 25 ಟನ್. ಮಣ್ಣು ಗಾರೆಯ ಗೋಡೆ ತಲೆ ಮೇಲೆ ನಾಲ್ಕೈದು ಪಟ್ಟು ಭಾರ ಹೊರಲೆಂದು ಕಟ್ಟಿದ್ದಲ್ಲ. ಜೊತೆಗೆ ಇಂದು ಗೋಡೆಯನ್ನು ಮಳೆಯಿಂದ ಕಾಯುತ್ತಿರುವ ಎರಡೂವರೆ ಅಡಿ ಸೂರು ಹೋಗುತ್ತದೆ. ವರ್ಷಕ್ಕೆ ನೂರಿಂಚು ಮಳೆ ಸುರಿಯುವ ಊರಿನಲ್ಲಿ ಸೂರು ಕತ್ತರಿಸುವುದೆಂದರೆ ಕೊಡೆ ಮಡಚಿ ನಿಂತ ಹಾಗೆ.

ನಿಮ್ಮ ಭಾವ ಹೇಳುವಂತೆ ಇದು ಲಾಯವೇ ಅಲ್ಲವೇ? ಅವರನ್ನು ಒಮ್ಮೆ ಒಳಗೆ ಕರೆದುಕೊಂಡು ಹೋಗಿ ತೋರಿಸಿ. ನನಗೆ ಈ ಬಗೆಯ ಕಟ್ಟಡಗಳ ಮೇಲೆ ಸ್ವಲ್ಪ ಮೋಹ ಜಾಸ್ತಿ, ಒಪ್ಪಿಕೊಳ್ಳುತ್ತೇನೆ. ಬಂಗಲೆಯಲ್ಲಿ ಶೋಕಿಗೆ ಇಟ್ಟ ಕಂಬ, ಕಮಾನು ಎಷ್ಟೋ ಇರುತ್ತವೆ. ಲಾಯದಲ್ಲಿ ಮಾತ್ರ ಪ್ರತಿಯೊಂದು ಅಳತೆಯೂ ಕುದುರೆಯ ಮೈಯಿಂದ ಬಂದದ್ದು. ಬಾಗಿಲು ನಾಲ್ಕಡಿ ಅಗಲ, ಎಂಟಡಿ ಎತ್ತರ, ಕುದುರೆ ತಲೆ ಎತ್ತಿ ಬಂದರೂ ತಾಗಬಾರದು. ಬಾಗಿಲಿನ ಪಕ್ಕದ ಕಲ್ಲುಗಳ ಅಂಚನ್ನು ಎದೆಯೆತ್ತರದವರೆಗೆ ದುಂಡಗೆ ಕಡೆದಿರುತ್ತಾರೆ, ತಿರುಗುವಾಗ ಸೊಂಟದ ಮೂಳೆಗೆ ಪೆಟ್ಟಾಗದಿರಲೆಂದು. ಗೋಡಾನು ಕಟ್ಟುವವನಿಗೆ ಆ ಖರ್ಚು ಯಾಕೆ ಬೇಕು? ಕದ ಅಡ್ಡಡ್ಡಲಾಗಿ ಎರಡು ಭಾಗ, ಮೇಲಿನದು ತೆರೆದಿಟ್ಟರೆ ಗಾಳಿ ಆಡುತ್ತದೆ, ಕೆಳಗಿನದು ಕುದುರೆಯನ್ನು ತಡೆಯುತ್ತದೆ. ಒಂದೊಂದು ಕುದುರೆ ನಿಲ್ಲಲು ಆರಡಿ ಅಗಲದ ಅಂಕಣ, ಮುಂದೆ ಗೋಡೆಗೆ ಗೋದಲಿ, ಹಿಂದೆ ನೆಲ ಇಳಿಜಾರಾಗಿ ಕಾಲುವೆಗೆ ಸೇರುತ್ತದೆ. ನೆಲಗಲ್ಲುಗಳಿಗೆ ಗೊರಸು ಜಾರದಂತೆ ಗೀರು ಹೊಡೆದಿರುತ್ತಾರೆ. ಸಗಣಿ, ಮಣ್ಣು ಗಟ್ಟಿಯಾಗಿ ಮುಚ್ಚಿಕೊಂಡಿರಬಹುದು, ಒಂದು ಮೂಲೆಯಲ್ಲಿ ಅರ್ಧ ಅಡಿ ಕೆರೆದು ನೋಡಿ.

ಕಿಟಕಿಗಳು ತಲೆಗಿಂತ ಮೇಲೆ ಇರುವುದನ್ನೂ ಗಮನಿಸಿ. ಗಾಳಿ ಬೇಕು, ಬೆವರಿದ ಮೈಗೆ ನೇರ ಹೊಡೆಯಬಾರದು. 1860ರ ದಶಕದಲ್ಲಿ ಬ್ರಿಟಿಷ್ ಸೇನೆ ತನ್ನ ಅಶ್ವದಳದ ಲಾಯಗಳ ಗಾಳಿ ಸಾಲದೆಂದು ಸಮಿತಿ ಕೂರಿಸಿ, ಮಾಡಿನ ನೆತ್ತಿಯಲ್ಲೇ ಗಾಳಿ ಹೋಗಲು ಸಂದಿ ಬಿಡಬೇಕೆಂಬ ತೀರ್ಮಾನಕ್ಕೆ ಬಂದಿತ್ತು. ಅಮೋನಿಯಾ ತುಂಬಿದ ಬಿಸಿ ಗಾಳಿ ಮೇಲೇರಿ ಅಲ್ಲಿಂದ ಹೊರಗೆ ಹೋಗುತ್ತದೆ. ತೋಟದ ದೊರೆಗಳು ಕಟ್ಟಿಸಿದ ಲಾಯಗಳಲ್ಲೂ ಆ ಸಂದಿ ಸಾಮಾನ್ಯ. ನಿಮ್ಮ ಫೋಟೋದಲ್ಲಿ ನೆತ್ತಿಯ ಹಂಚಿನುದ್ದಕ್ಕೂ ಸಿಮೆಂಟ್ ಬಳಿದದ್ದು ಕಾಣುತ್ತದೆ. ಎರಚಲು, ಬಾವಲಿ ಒಳಗೆ ಬರುತ್ತದೆಂದು ಯಾರೋ ಮುಚ್ಚಿದ್ದಾರೆ. ಗೋಡೆ ಮೇಲಿನ ಗಾಳಿಗಂಡಿಗಳಿಗೂ ಇಟ್ಟಿಗೆ ಕಟ್ಟಿದ್ದಾರೆ. ಒದ್ದೆ ಗೋಡೆಗೆ ಒಣಗಲು ಇದ್ದ ದಾರಿಗಳು ಅಲ್ಲಿಗೆ ಮುಗಿದವು.

ಹೆಸರು ಮಾತ್ರ ನೆಚ್ಚಬಾರದು ಎಂಬುದರಲ್ಲಿ ನಿಮ್ಮ ಭಾವನ ಕಡೆಗೂ ನ್ಯಾಯವಿದೆ. ಹಂಪಿಯ ಹನ್ನೊಂದು ಗುಮ್ಮಟದ ಸಾಲನ್ನು ನಾವೆಲ್ಲ ಗಜಶಾಲೆ ಎನ್ನುತ್ತೇವೆ, ಆನೆ ಕಟ್ಟುತ್ತಿದ್ದರೆಂದು ಹೇಳುವ ಶಾಸನ ಆ ಗೋಡೆಯಲ್ಲಿಲ್ಲ. ನಿಮ್ಮಲ್ಲಿ ಹಾಗಲ್ಲ, ಕಲ್ಲೇ ಸಾಕ್ಷಿ ಹೇಳುತ್ತಿದೆ. ಕುದುರೆ ಕಟ್ಟಲು ಗೋಡೆಗೆ ಹಾಕಿದ ಬಳೆಗಳೂ ಇವೆ.

ವಯಸ್ಸಿನ ಬಗ್ಗೆ ಒಂದು ಮಾತು. ಹಂಚಿನ ಮೇಲಿನ 1865 ಕಟ್ಟಡದ ವರ್ಷವಲ್ಲ. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯವರು ಹಂಚಿನ ಕಾರ್ಖಾನೆ ಶುರುಮಾಡಿದ ವರ್ಷ. ಅದನ್ನೇ ಅವರು ಅಚ್ಚಿನಲ್ಲಿ ಹಾಕುತ್ತಿದ್ದರು. ಮೊದಲ ಮಹಾಯುದ್ಧದ ನಂತರ ಆ ಕಾರ್ಖಾನೆಗಳು ಕಾಮನ್‌ವೆಲ್ತ್ ಟ್ರಸ್ಟ್ ಕೈಗೆ ಹೋದವು. ಹಾಗಾಗಿ ಬಾಸೆಲ್ ಮಿಷನ್ ಹೆಸರಿನ ಹಂಚಾದರೆ 1865ಕ್ಕೂ ಯುದ್ಧಕ್ಕೂ ನಡುವಿನದು ಎನ್ನಬಹುದು. ಅದೂ ಹಂಚಿನ ವಯಸ್ಸು. ಮಂಜರಾಬಾದಿನಲ್ಲಿ, ಅಂದರೆ ಈಗಿನ ಸಕಲೇಶಪುರದ ಕಡೆ, ಗ್ರೀನ್ ಎಂಬ ದೊರೆ 1843ರಲ್ಲೇ ಕಾಫಿ ಹಾಕಿದ್ದ. ಅಂಥ ಮೊದಲ ತೋಟಗಳ ಕಟ್ಟಡಗಳಿಗೆ ಹುಲ್ಲೋ ನಾಡಹಂಚೋ ಇದ್ದು, ಮಂಗಳೂರು ಹಂಚು ಆಮೇಲೆ ಘಾಟಿ ಹತ್ತಿ ಬಂದಿರಬಹುದು. ಮಾಡಿನ ಪಕಾಸಿ ಮರಗಳಲ್ಲಿ, ಹಂಚು ಕೂರುವ ಈಗಿನ ರೀಪಿಗೆ ಹೊಂದದ ಹಳೆಯ ಮೊಳೆತೂತುಗಳು ಇವೆಯೇ ಎಂದು ನೋಡಿದರೆ ಅದು ಗೊತ್ತಾಗುತ್ತದೆ.

ಸರ್ಕಾರದ ಭಯ ಬಿಡಿ. ಹಳೆಯದು ಎಂಬ ಒಂದೇ ಕಾರಣಕ್ಕೆ ಕಟ್ಟಡ ಸಂರಕ್ಷಿತ ಸ್ಮಾರಕ ಆಗುವುದಿಲ್ಲ. ಕೇಂದ್ರದ 1958ರ ಕಾಯ್ದೆಯಲ್ಲೋ ರಾಜ್ಯದ 1961ರ ಕಾಯ್ದೆಯಲ್ಲೋ ಅಧಿಸೂಚನೆ ಹೊರಡಿಸಬೇಕು. ನಿಮ್ಮ ಲಾಯಕ್ಕೆ ಅದು ಆಗಿದ್ದರೆ ನಿಮಗೆ ಗೊತ್ತಿರುತ್ತಿತ್ತು. ಹೋಂಸ್ಟೇ ನೋಂದಣಿ, ತೋಟದ ಜಮೀನಿನಲ್ಲಿ ವಾಣಿಜ್ಯ ಬಳಕೆ ಇವು ಬೇರೆ ವಿಚಾರ, ಕಲ್ಲು ಮುಟ್ಟುವ ಮೊದಲು ನಿಮ್ಮ ವಕೀಲರನ್ನು ಕೇಳಿಕೊಳ್ಳಿ.

ಹಾಗಾದರೆ ಮಾಡುವುದೇನು? ಮೊದಲ ಕೆಲಸಕ್ಕೆ ದುಡ್ಡು ಹೆಚ್ಚು ಬೇಡ, ಗುದ್ದಲಿ ಬೇಕು. ಪಡುವಣ ಗೋಡೆಯ ಹೊರಗೆ ಎಷ್ಟೋ ವರ್ಷದ ಮಣ್ಣು ಕೊಚ್ಚಿ ಬಂದು ಒಳನೆಲಕ್ಕಿಂತ ಎತ್ತರವಾಗಿದೆ. ಅದನ್ನು ಒಳನೆಲಕ್ಕಿಂತ ಅರ್ಧ ಅಡಿ ಕೆಳಗೆ ಬರುವವರೆಗೆ ತೆಗೆಸಿ, ಪಾಯ ಬಯಲಾಗುವಷ್ಟು ಆಳ ಬೇಡ. ಹಳೆಯ ಕಲ್ಲುಕಾಲುವೆ ಸಿಕ್ಕೇ ಸಿಗುತ್ತದೆ, ಬಿಡಿಸಿ ನೀರು ಹರಿಯುವಂತೆ ಮಾಡಿ. ಒಡೆದ ಹಂಚು ಬದಲಿಸಿ. ಗಾಳಿಗಂಡಿಯ ಇಟ್ಟಿಗೆ ಕಿತ್ತು ಜಾಲರಿ ಹಾಕಿ, ಬಾವಲಿ ಬಾರದಿರಲಿ. ಅವುಗಳ ಹಿಕ್ಕೆಯೂ ಕೊನೆಗೆ ನೈಟ್ರೇಟೇ ಆಗುತ್ತದೆ. ನೆತ್ತಿಯ ಸಂದಿ ತೆರೆದು ಅದರ ಮೇಲೆ ಎರಚಲು ತಡೆಯುವ ಸಣ್ಣ ಮಾಡು ಕೂರಿಸಿ. ಇಷ್ಟು ಈ ಮಳೆಗಾಲದಲ್ಲೇ ಶುರುಮಾಡಬಹುದು.

ಸಿಮೆಂಟ್ ಕೀಳುವುದು ಜನವರಿಯಿಂದ ಮಾರ್ಚ್. ಉಳಿ, ಸುತ್ತಿಗೆಯಿಂದ, ಮೇಲಿನಿಂದ ಕೆಳಗೆ. ಬ್ರೇಕರ್ ಮಷೀನ್ ಹಚ್ಚಿದರೆ ಒಳಗಿನ ಚೂರುಕಲ್ಲೆಲ್ಲ ಸಡಿಲವಾಗುತ್ತದೆ. ಅರಳಿದ ಉಪ್ಪನ್ನು ಒಣ ಕಡ್ಡಿಪೊರಕೆಯಿಂದ ಗುಡಿಸಿ, ಕೆಳಗೆ ತಾಡಪಾಲು ಹಾಸಿ ಹಿಡಿದು ದೂರ ಸಾಗಿಸಿ. ನೆಲಕ್ಕೆ ಬಿಟ್ಟರೆ ಅದೇ ಉಪ್ಪು ಮುಂದಿನ ವರ್ಷ ಮತ್ತೆ ಗೋಡೆ ಹತ್ತುತ್ತದೆ. ನೀರು ಹಾಕಿ ತೊಳೆಯಲೇಬೇಡಿ, ಉಪ್ಪು ಕರಗಿ ಇನ್ನೂ ಒಳಗೆ ಇಳಿಯುತ್ತದೆ. ಆಸಿಡ್ ಹಾಕಿ ಉಜ್ಜೋಣ ಎನ್ನುವವರೂ ಇದ್ದಾರೆ, ಅದು ಸುಣ್ಣವನ್ನೇ ತಿಂದು ಹೊಸ ಉಪ್ಪು ಬಿಟ್ಟು ಹೋಗುತ್ತದೆ.

ಆಮೇಲೆ ಒಂದು ಮಳೆಗಾಲ ಗೋಡೆಯನ್ನು ಬೆತ್ತಲೆ ಬಿಡಿ. ಇದನ್ನು ಕೇಳಿದರೆ ಎಲ್ಲರಿಗೂ ಸಿಟ್ಟು ಬರುತ್ತದೆ. ನಾನೂ ಒಮ್ಮೆ ಅವಸರಕ್ಕೆ ಬಿದ್ದಿದ್ದೇನೆ. ಸಕಲೇಶಪುರದ ಕಡೆಯ ಒಂದು ಲಾಯದಲ್ಲಿ ಮಾರ್ಚ್‌ನಲ್ಲಿ ಸಿಮೆಂಟ್ ಕೀಳಿಸಿ, ಮಾಲೀಕರ ಮಗಳ ಮದುವೆಗೆ ಚೆಂದ ಕಾಣಲೆಂದು ಏಪ್ರಿಲಿನಲ್ಲೇ ಸುಣ್ಣದ ಗಾರೆ ಮಾಡಿಸಿದೆ. ಆಗಸ್ಟ್ ಹೊತ್ತಿಗೆ ಅದು ದೋಸೆ ಎದ್ದ ಹಾಗೆ ಎದ್ದು ಬಿತ್ತು. ತಪ್ಪು ಗಾರೆಯದ್ದಲ್ಲ, ನನ್ನದು. ಆ ಕೆಲಸವನ್ನು ಕೂಲಿ ತೆಗೆದುಕೊಳ್ಳದೆ ಮತ್ತೆ ಮಾಡಿಸಿಕೊಟ್ಟೆ.

ಮರುವರ್ಷ ಬೇಸಿಗೆಯಲ್ಲಿ ಸುಣ್ಣದ ಗಾರೆ. ಚೆನ್ನಾಗಿ ಅರಳಿಸಿ ತಿಂಗಳುಗಟ್ಟಲೆ ನೀರಿನಲ್ಲಿ ಕೊಳೆಹಾಕಿದ ಸುಣ್ಣ ಒಂದು ಪಾಲು, ಉಪ್ಪಿಲ್ಲದ ಹೊಳೆಮರಳು ಮೂರು ಪಾಲು. ಬೇಗ ಬಿಗಿಯಲಿ ಎಂದು ಮೇಸ್ತ್ರಿ ಒಂದು ಬುಟ್ಟಿ ಸಿಮೆಂಟ್ ಸೇರಿಸಲು ಹೋಗುತ್ತಾನೆ, ಅಲ್ಲೇ ನಿಂತು ತಡೆಯಿರಿ. ಬೆಲ್ಲ, ಅಳಲೆಕಾಯಿ, ಕೋಳಿಮೊಟ್ಟೆ ಇಲ್ಲದೆ ಹಳೆಯ ಗಾರೆ ಆಗುವುದಿಲ್ಲ ಎಂಬ ಮಾತು ನಿಮ್ಮಲ್ಲೂ ಬರುತ್ತದೆ. ಬೆಲ್ಲ, ಅಳಲೆ ಹಾಕುವ ಪದ್ಧತಿ ಇದ್ದದ್ದು ನಿಜ, ಅರಮನೆ, ದೇವಸ್ಥಾನದ ಕೆಲಸಗಳಲ್ಲಿ. ನಾನು ಬಿಚ್ಚಿ ನೋಡಿದ ಎಸ್ಟೇಟ್ ಲಾಯಗಳಲ್ಲಿ ಬರೀ ಸುಣ್ಣ, ಮರಳು, ಒಳಗಡೆ ಮಣ್ಣು. ದೊರೆ ಕುದುರೆಗೆ ಖರ್ಚು ಮಾಡುತ್ತಿದ್ದ, ಗಾರೆಗಲ್ಲ. ಈ ಗಾರೆ ಉಳಿಯಲೆಂದು ಹಾಕುವುದಲ್ಲ, ಉಪ್ಪನ್ನು ಎಳೆದುಕೊಂಡು ತಾನು ಹಾಳಾಗಲೆಂದು ಹಾಕುವುದು. ಕೆಲವು ವರ್ಷಕ್ಕೆ ಉದುರುತ್ತದೆ, ಉದುರಿದ ಕಡೆ ಮತ್ತೆ ಹಾಕಿಸಬೇಕು. ಪ್ರತಿ ಸಲವೂ ಗೋಡೆಯಲ್ಲಿ ಉಪ್ಪು ಸ್ವಲ್ಪ ಕಡಿಮೆಯಾಗಿರುತ್ತದೆ. ಮೇಲೆ ಸುಣ್ಣ ಹೊಡೆಸಿ ಸಾಕು, ಪ್ಲಾಸ್ಟಿಕ್ ಪೇಂಟ್ ಬೇಡ.

ಈಗ ನಿಮ್ಮ ಮಗನ ನಾಲ್ಕು ರೂಮು. ಇಂಗ್ಲೆಂಡಿನ ಚಾಟ್ಸ್‌ವರ್ತ್ ಎಂಬ ದೊಡ್ಡ ಎಸ್ಟೇಟಿನಲ್ಲಿ ಜೇಮ್ಸ್ ಪೇನ್ 18ನೇ ಶತಮಾನದಲ್ಲಿ ಕಟ್ಟಿದ ಭಾರಿ ಲಾಯ ಇಂದು ಊಟ ತಿಂಡಿಯ ಹೋಟೆಲು, ಅಂಗಡಿ ಆಗಿದೆ. ಲಾಯವನ್ನು ಬೇರೆ ಬಳಕೆಗೆ ತರುವುದರಲ್ಲಿ ತಪ್ಪಿಲ್ಲ. ಆದರೆ ಜನ ಬಂದು ಹೋಗುವ ಜಾಗ ಬೇರೆ, ಬಾಗಿಲು ಹಾಕಿ ಮಲಗುವ ಜಾಗ ಬೇರೆ. ಕುದುರೆ ಅಂಕಣಗಳನ್ನು ಮಲಗುವ ಕೋಣೆ ಮಾಡಿದರೆ ಅತಿಥಿಗಳು ಕಿಟಕಿ ಮುಚ್ಚುತ್ತಾರೆ, ಉಸಿರಿನ ತೇವ, ಬಿಸಿನೀರಿನ ಆವಿ ಸೇರುತ್ತದೆ, ಗೋಡೆಯ ಉಪ್ಪು ವರ್ಷವಿಡೀ ಕುಡಿಯುತ್ತದೆ. ಹಾಸಿಗೆಗೆ ಬೂಷ್ಟು ಹಿಡಿಯುತ್ತದೆ. ಒಳಗೆ ಇನ್ನೊಂದು ತೆಳುಗೋಡೆ ನಿಲ್ಲಿಸಿ, ನಡುವೆ ಗಾಳಿ ಆಡಲು ಜಾಗ ಬಿಟ್ಟು ರೂಮು ಮಾಡಬಹುದು, ನಾನು ಮಾಡಿಸಿದ್ದೂ ಇದೆ. ಅದರ ಅಪಾಯವೆಂದರೆ ಮರೆಯಲ್ಲಿ ಗೆದ್ದಲು ಹತ್ತಿದರೂ ಗೊತ್ತಾಗುವುದಿಲ್ಲ, ಕಲ್ಲಿನ ಅಂದವೂ ಕಾಣುವುದಿಲ್ಲ. ಆಮೇಲೆ ಅತಿಥಿಗೆ ತೋರಿಸುವುದು ಏನನ್ನು?

ನಾನಾದರೆ ಆರು ಅಂಕಣಗಳ ಉದ್ದಕ್ಕೂ ಊಟದ ಜಗಲಿ ಮಾಡುತ್ತಿದ್ದೆ. ಮೇಲ್ಗದಗಳು ತೆರೆದೇ ಇರಲಿ, ಮಾಡಿಗೆ ನಾಲ್ಕು ಗಾಜಿನ ಹಂಚು ಕೂರಿಸಿ, ನೆಲಗಲ್ಲು ಹಾಗೇ ಇರಲಿ, ಬೆಂಚುಗಳು ಗೋಡೆಯಿಂದ ಅರ್ಧ ಅಡಿ ದೂರ. ಅಡ್ಡಗೋಡೆಗಳನ್ನು ಹಾಲ್ ಮಾಡಲೆಂದು ಒಡೆಯಬೇಡಿ. 60 ಅಡಿ ಉದ್ದದ ಗೋಡೆ ವಾಲದಂತೆ ಹಿಡಿದಿರುವುದು ಅವೇ.

ಮಲಗಲು ರೂಮು ಬೇಕೇ ಬೇಕೆಂದರೆ ಉತ್ತರದ ತುದಿಯ ಕೋಣೆ ನೋಡಿ. ನಿಮ್ಮ ನಕ್ಷೆಯಲ್ಲಿ ಅದಕ್ಕೆ ಸಣ್ಣ ಹೊಗೆಗೂಡು ಬರೆದಿದ್ದೀರಿ. ಅದು ಜೀನು, ಲಗಾಮು ಇಡುತ್ತಿದ್ದ ಕೋಣೆ. ಮಳೆಗಾಲದಲ್ಲಿ ಚರ್ಮಕ್ಕೆ ಬೂಷ್ಟು ಹಿಡಿಯದಿರಲೆಂದು ಅಲ್ಲಿ ಬೆಂಕಿ ಉರಿಸುತ್ತಿದ್ದರು. ಇಡೀ ಕಟ್ಟಡದಲ್ಲಿ ಒಣಗಿರಲೆಂದೇ ಕಟ್ಟಿದ ಜಾಗ ಅದೊಂದೇ, ಕುದುರೆ ಒಳಗೆ ಬಂದೂ ಇಲ್ಲ. ಅದರ ಪಕ್ಕದ್ದು ಕುದುರೆ ನೋಡಿಕೊಳ್ಳುವವನ ಮನೆ. ಎರಡು ಒಳ್ಳೆಯ ರೂಮು ಅಲ್ಲೇ ಆಗುತ್ತವೆ. ಬಚ್ಚಲನ್ನು ಮಾತ್ರ ಹೊರಗೆ ಬೇರೆ ಕಟ್ಟಿ, ಮುಚ್ಚಿದ ಓಣಿಯಿಂದ ಜೋಡಿಸಿ. ಉಪ್ಪುಗೋಡೆಯೊಳಗೆ ನೀರಿನ ಪೈಪು ಎಳೆಯುವುದಕ್ಕೆ ನಾನು ಒಪ್ಪುವುದಿಲ್ಲ. ಮಗನಿಗೆ ನಾಲ್ಕೇ ಬೇಕಿದ್ದರೆ ಉಳಿದೆರಡನ್ನು ಖಾಲಿ ಬಿದ್ದ ಆಳುಗಳ ಲೈನ್ ಮನೆಯಲ್ಲಿ ಮಾಡಲಿ.

ಏನೂ ಮಾಡದೆ ಬಿಡುವುದೂ ಒಂದು ದಾರಿಯೇ. ಮಾಡು ಸೋರದಂತೆ, ಕಾಲುವೆ ಕಟ್ಟದಂತೆ ನೋಡಿಕೊಂಡು, ಗೊಬ್ಬರವನ್ನು ಬೇರೆ ಕಡೆ ಸಾಗಿಸಿದರೆ ಕಟ್ಟಡ ಹತ್ತಿಪ್ಪತ್ತು ವರ್ಷ ಆರಾಮವಾಗಿ ಕಾಯುತ್ತದೆ. ದುಡ್ಡು ಹೊಂದಿಸಲು ಸಾಲ ಮಾಡಬೇಕಾದ ಪರಿಸ್ಥಿತಿ ಇದ್ದರೆ ನಾನು ಇದನ್ನೇ ಹೇಳುತ್ತೇನೆ.

ಕೊನೆಗೆ ಗುಜರಿಯವನ ಬಳೆಗಳು. ಕೊಡಬೇಡಿ, ಹಾಗೆಂದು ಇದ್ದ ಹಾಗೇ ಬಿಡಲೂ ಬೇಡಿ. ಉಪ್ಪುಗೋಡೆಯಲ್ಲಿ ಹೂತ ಕಬ್ಬಿಣದ ಗೂಟ ತುಕ್ಕು ಹಿಡಿದು ಹಿಗ್ಗಿ ಕಲ್ಲು ಸೀಳುತ್ತದೆ. ಮೂರನೇ ಅಂಕಣದ ಕಲ್ಲಿನಲ್ಲಿ ಆ ಬಿರುಕು ಆಗಲೇ ಬಂದಿದೆ. ಎಳೆದು ಕೀಳಿಸಿದರೆ ಉಳಿದ ಕಲ್ಲುಗಳೂ ಒಡೆಯುತ್ತವೆ. ಬೇಸಿಗೆಯಲ್ಲಿ ತಂತಿ ಬ್ರಷ್‌ನಿಂದ ತುಕ್ಕು ಉಜ್ಜಿ, ರೆಡ್ ಆಕ್ಸೈಡ್ ಹಚ್ಚಿ, ಗೂಟ ಗೋಡೆ ಸೇರುವ ಕಡೆ ಸಂದಿಯನ್ನು ಸುಣ್ಣದ ಗಾರೆಯಿಂದ ತುಂಬಿಸಿ. ಸೀಳಿದ ಆ ಒಂದು ಕಲ್ಲಿನದನ್ನು ಮಾತ್ರ ಬಿಡಿಸಬೇಕಾಗುತ್ತದೆ. ಅದಕ್ಕೆ ಕಲ್ಲು ಕೆಲಸ ಗೊತ್ತಿದ್ದವನನ್ನೇ ಕರೆಸಿ, ಬಿಡಿಸಿದ ಬಳೆಯನ್ನು ಎಣ್ಣೆ ಸವರಿ ಬಂಗಲೆಯಲ್ಲಿಡಿ.